ಫ್ರಾನ್ಸಿಗೆ ಹೋದ ಬೆಲ್ಲ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಆಲೆಮನೆಯ ಕೊಪ್ಪರಿಗೆ ತೂತು ಬೀಳಲಿ.

ಕಬ್ಬಿನ ತಳಿ ಬೆಳೆಸುವ ವಿ.ಸಿ. ಫಾರಂ ನೋಡಲು ಬಂದಿದ್ದ ಫ್ರಾನ್ಸಿನ ದ್ರಾಕ್ಷಿ ರೈತನೊಬ್ಬ ನನ್ನ ಆಲೆಮನೆಗೂ ಬಂದ. ಜೊತೆಗೆ ಅವನ ಮಾತನ್ನು ಕನ್ನಡ ಮಾಡುವ ಹುಡುಗಿ. ಚೀಲದಲ್ಲಿ ಒಂದೇ ಅಚ್ಚು ಬೆಲ್ಲಕ್ಕೆ ಜಾಗವಿದೆ, ರುಚಿಯಾದದ್ದನ್ನು ಊರಿಗೆ ಒಯ್ಯುತ್ತೇನೆ ಅಂದ.

ಹಾಳಾದ್ದು, ಅವತ್ತೇ ಮಳವಳ್ಳಿ ಕಡೆಯ ನನ್ನ ಬಾಮೈದ ಚಿಕ್ಕಲಿಂಗನೂ ತನ್ನ ಬೆಲ್ಲ ಹಿಡಿದು ಬಂದಿದ್ದ. ಅವನದು ಕಲ್ಲು ನೆಲ, ಬೋರಿನ ಚೂರುಪಾರು ನೀರು. ಕಬ್ಬೋ, ನನ್ನ ಕಿರುಬೆರಳಿಗಿಂತ ಸಣ್ಣ.

"ನಮ್ದು ನಾಲೆ ನೀರು ಕುಡ್ದ ಕಬ್ಬು ಕಣವ್ವ. ಆನೆ ನುಗ್ಗಿದ್ರೂ ದಾರಿ ತಪ್ತದೆ ಅಂತ ಏಳು ಅವ್ರಿಗೆ" ಅಂದೆ.

ಫ್ರಾನ್ಸಿನವನು ಎರಡು ಬೆಲ್ಲವನ್ನೂ ಚೀಪಿದ. "ನಮ್ಮ ಸೀಮೆಯಲ್ಲಿ ಬಳ್ಳಿ ಬಲಿತ ಮೇಲೆ ನೀರು ಕಟ್ಟುವ ಹಾಗಿಲ್ಲ, ತಲೆಮಾರಿನ ಕಟ್ಟಳೆ. ಬೇರು ಕಲ್ಲಿನಲ್ಲಿ ಒದ್ದಾಡಿದರೇ ವೈನಿಗೆ ಆ ನೆಲದ ರುಚಿ ಬರೋದು. ಅದಕ್ಕೇ ಸೀಸೆಯ ಮೇಲೆ ಊರಿನ ಹೆಸರು ಹಾಕುತ್ತೇವೆ" ಅಂದವನೇ ಚಿಕ್ಕಲಿಂಗನ ಅಚ್ಚನ್ನು ಚೀಲಕ್ಕಿಳಿಸಿದ.

"ಬೇಜಾರ್ ಮಾಡ್ಕೋಬ್ಯಾಡಿ ಭಾವ. ನಿಮ್ ಕಬ್ಬು ನಿಮ್ ಥರಾನೇ, ಕಷ್ಟ ಕಂಡಿಲ್ಲ" ಅಂದ ಬಾಮೈದ.

"ಸುಮ್ನಿರ್ಲಾ. ಬಿಸಿ ಪಾಕ ನೆಕ್ಕಿ ಅವ್ನ ನಾಲ್ಗೆ ಸುಟ್ಟದೆ ಕಣ್ಲಾ."

ಬಾಮೈದನ ಬಳಿ ಉಳಿದಿದ್ದ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿ ಥೂ ಅಂತ ಉಗಿದೆ.

ಕೊಪ್ಪರಿಗೆ ಹೊಸದು, ತೂತು ಬೀಳುವ ಮುಂಚೆ ಹೇಳಿಬಿಡುತ್ತೇನೆ: ಉಗಿದದ್ದೊಂದು ಸುಳ್ಳು. ನುಂಗಿದೆ. ಬಾಮೈದ ಅತ್ತ ತಿರುಗಿದಾಗ ಇನ್ನೊಂದು ಚೂರು ಮುರಿದುಕೊಂಡೆ.