ಯಾರ ಮನೆಗೂ ಹೋಗಬೇಕಾಗಿಲ್ಲದ ಊರು

ಅಲಿಯಬ್ಬಾಕನ ಬಗ್ಗೆ ಊರಿನಲ್ಲಿ ಆಡಿಕೊಳ್ಳುವ ಮಾತು ನನ್ನ ಕಿವಿಗೂ ಬಿದ್ದಿದೆ. ಆಡುವವರಿಗೆ ಬಾಯಿ ಇದೆ, ನನಗೂ ಇದೆ. ಹತ್ತೊಂಬತ್ತು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತವಳು ನಾನು, ಕೊನ್ಸೆಪ್ಟಾ, ಅವರ ಬಾಯಲ್ಲಿ ಬಾಯಮ್ಮ. ದೋಹಾದ ಬಿನ್ ಮಹಮೂದ್‌ನಲ್ಲಿ, ಒಂದು ಕ್ಲಿನಿಕ್ಕಿಗೂ ಹಣ್ಣಿನಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತಿರುವ ಸಣ್ಣ ಟ್ರಾವೆಲ್ ಏಜೆನ್ಸಿ ನಮ್ಮದು. ಟಿಕೆಟ್ ಮಾಡುವವರು ಇಬ್ಬರೇ, ಅವರು ಮತ್ತು ನಾನು. ನಡೆದದ್ದನ್ನು ನಡೆದ ಹಾಗೆ ಹೇಳುವ ಹೊಣೆ ನನ್ನದೇ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಖತರಿನಲ್ಲಿರುವ ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರಿಗೆ ಊರಿನಿಂದ ಸಾವಿನ ಸುದ್ದಿ ಬಂದರೆ ಮೊದಲು ಅಳು, ಆಮೇಲೆ ಅಲಿಯಬ್ಬಾಕನಿಗೆ ಫೋನ್. ಅವರು ಸಮಾಧಾನ ಹೇಳುವ ಜನ ಅಲ್ಲ. ಕೇಳುವುದು ಮೂರೇ ಪ್ರಶ್ನೆ. "ಎಷ್ಟು ಗಂಟೆಗೆ ಹೋದದ್ದು? ಯಾವ ಮಸೀದಿಯಲ್ಲಿ ದಫನ್? ಪಾಸ್‌ಪೋರ್ಟ್ ಎಲ್ಲಿ ಉಂಟು?" ನಮ್ಮ ಕ್ರಿಸ್ತುವರಲ್ಲಾದರೆ ದೂರದಲ್ಲಿರುವ ಮಕ್ಕಳು ಬರಲಿ ಎಂದು ಎರಡು ಮೂರು ದಿನ ಕಾಯುವುದುಂಟು. ಅವರಲ್ಲಿ ಹಾಗಲ್ಲ, ಬೆಳಿಗ್ಗೆ ಹೋದರೆ ಸಂಜೆಯೊಳಗೆ ಮಣ್ಣು. ಆ ನಾಲ್ಕೈದು ಗಂಟೆಯ ಸಂದಿಯಲ್ಲಿ ಅಲಿಯಬ್ಬಾಕ ವಿಮಾನ ಹುಡುಕಬೇಕು. ಮಂಗಳೂರಿಗೆ ಸೀಟಿಲ್ಲದಿದ್ದರೆ ಕಣ್ಣೂರು, ಅಲ್ಲೂ ಇಲ್ಲದಿದ್ದರೆ ಕೋಝಿಕ್ಕೋಡ್, ಅಲ್ಲಿಂದ ಕಾರು. ಮತ್ತೆ ಊರಿನ ಮಸೀದಿಯ ಜಮಾಅತಿನವರಿಗೆ ಫೋನ್ ಮಾಡಿ, "ಮಗ ಹೊರಟಿದ್ದಾನೆ, ಸಂಜೆಯ ಅಸರ್ ನಮಾಝ್ ತನಕ ನಿಲ್ಲಿಸಿ ಮಾರಾಯ್ರೆ" ಎಂದು ಗೋಗರೆಯುವುದು. ಹೀಗೆ ಎಷ್ಟು ಜನರನ್ನು ಮುಟ್ಟಿಸಿದರೋ ಲೆಕ್ಕವಿಲ್ಲ. ತಂದೆಯ ಮುಖ ನೋಡಿ ಮೂರು ಹಿಡಿ ಮಣ್ಣು ಹಾಕಿ ಬಂದವರು ರಜೆ ಮುಗಿಸಿ ಬಂದ ಮೇಲೆ ಅಂಗಡಿಗೆ ಬಂದು ಅವರ ಕೈ ಹಿಡಿದುಕೊಂಡು ನಿಲ್ಲುತ್ತಿದ್ದರು. ಅವರೋ, "ಆಯ್ತು ಆಯ್ತು, ಖಲಾಸ್, ಚಾ ಕುಡಿ" ಎಂದು ಕೈ ಬಿಡಿಸಿಕೊಳ್ಳುತ್ತಿದ್ದರು.

ಈ ಹಟ ಅವರಿಗೆ ಬಂದದ್ದು ಸ್ವಂತ ನೋವಿನಿಂದ. ಖತರಿಗೆ ಬಂದ ಮೊದಲ ವರ್ಷ ಅವರ ತಾಯಿ, ಅವರ ಉಮ್ಮ, ತೀರಿಕೊಂಡರು. ಆಗ ಪಾಸ್‌ಪೋರ್ಟ್ ಕಂಪೆನಿಯವರ ಕಪಾಟಿನಲ್ಲಿ, ಕಪಾಟಿನ ಕೀ ಧಣಿಯ ಕಿಸೆಯಲ್ಲಿ, ಧಣಿ ಬೇರೆ ದೇಶದಲ್ಲಿ. ಊರು ಮುಟ್ಟಿದಾಗ ಕಬರಿನ ಮೇಲಿನ ಮಣ್ಣು ಒಣಗಿತ್ತಂತೆ. ಅಂದಿನಿಂದ ಪಾಸ್‌ಪೋರ್ಟನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಆಫೀಸಿನ ಮೇಜಿನ ಡ್ರಾವರಿನಲ್ಲಿ, ನೀಲಿ ಕವರಿನೊಳಗೆ. ಸಂಜೆ ಮನೆಗೆ ಹೋಗುವಾಗ ಅದೂ ಅವರ ಜೊತೆ ಹೋಗುತ್ತಿತ್ತು. "ಮದುಮಗಳನ್ನು ಕರಕೊಂಡು ಹೋದ ಹಾಗೆ ಹೋಗ್ತೀರಲ್ಲ" ಎಂದು ನಾನು ಎಷ್ಟು ಸಲ ಚುಡಾಯಿಸಿದ್ದೇನೋ.

ಅವರ ಹೆಂಡತಿ ಸಾಲಿಹಾ. ಉಡುಪಿ ಕಡೆಯ ಮೂಳೂರಿನವಳು. ಇಪ್ಪತ್ತೆರಡು ವರ್ಷ ಇಲ್ಲೇ ಗಂಡನ ಜೊತೆ ಇದ್ದಳು, ಮೊದಲು ಬಿನ್ ಮಹಮೂದ್‌ನ ಹಳೇ ಫ್ಲ್ಯಾಟಿನಲ್ಲಿ, ಆಮೇಲೆ ಅಲ್ ವುಕೈರ್‌ನಲ್ಲಿ. ಒಬ್ಬಳೇ ಮಗಳು ನಜ್ಮಾ, ಮದುವೆಯಾಗಿ ಮಸ್ಕತ್‌ನಲ್ಲಿದ್ದಾಳೆ. ಸಾಲಿಹಾ ನನಗಿಂತ ಒಂದು ವರ್ಷ ಚಿಕ್ಕವಳು, ಆದರೆ ನಗುವಾಗ ಹತ್ತು ವರ್ಷ ಚಿಕ್ಕವಳ ಹಾಗೆ ಕಾಣುತ್ತಿದ್ದಳು. ಗುರುವಾರ ಮಧ್ಯಾಹ್ನ ಗಂಡನಿಗೆ ಬುತ್ತಿ ತರುವಾಗ ನನಗೂ ಒಂದು ಡಬ್ಬಿ ಇರುತ್ತಿತ್ತು, ಮೀನು ಗಸಿಯೋ ಅಕ್ಕಿ ಪತ್ತಿರಿಯೋ. ಹಾಗೆ ಬಂದ ಒಂದು ಗುರುವಾರವೇ ಈ ಕಥೆ ಶುರುವಾದದ್ದು.

ಅವತ್ತು ವೆಸ್ಟ್ ಬೇಯ ಒಬ್ಬ ಇಂಜಿನಿಯರ್ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಟಿಕೆಟ್ ಮಾಡಿಸಿ, ತಂದಿದ್ದ ಬಣ್ಣದ ಪುಸ್ತಿಕೆಯನ್ನು ಮೇಜಿನ ಮೇಲೆ ಮರೆತುಹೋಗಿದ್ದ. ಸಾಲಿಹಾ ಅದನ್ನು ಬಿಡಿಸಿದಳು. ಹಳೇ ಬಂದರು, ದಡದ ಉದ್ದಕ್ಕೂ ಮರದ ಹಲಗೆಯ ದಾರಿ, ಗುಡ್ಡದ ಮೇಲೆ ಕೋಟೆ, ಬಂಡೆಯ ಮೇಲೆ ಬಿಳಿ ಲೈಟ್‌ಹೌಸ್.

"ಇದು ನಮ್ಮ ಮಲ್ಪೆಯೇ ಅಲ್ವಾ? ಸ್ವೆಟರ್ ಹಾಕಿದ ಮಲ್ಪೆ," ಎಂದಳು. ಆಮೇಲೆ ಗಂಡನನ್ನು ಕೇಳಿದಳು, "ಇಲ್ಲಿ ನಮ್ಮವರು ಯಾರಾದ್ರೂ ಇದ್ದಾರಾ?"

"ನನಗೆ ಗೊತ್ತಿದ್ದ ಹಾಗೆ ಯಾರೂ ಇಲ್ಲ."

"ಹಾಗಾದ್ರೆ ಒಂದ್ಸಲ ಅಲ್ಲಿಗೇ ಹೋಗುವ."

ಗಲ್ಫಿನಲ್ಲಿ ಬದುಕದವರಿಗೆ ಈ ಮಾತು ವಿಚಿತ್ರ ಕಾಣಬಹುದು. ನಮಗೆ ರಜೆ ಎಂದರೆ ಊರು. ಊರು ಎಂದರೆ ಇಪ್ಪತ್ತೆಂಟು ಮನೆ, ಪ್ರತಿ ಮನೆಯಲ್ಲೂ ಚಾ, ಪ್ರತಿ ಮನೆಗೂ ಒಂದು ಪೊಟ್ಟಣ. ಯಾರ ಮನೆಗೆ ಮೊದಲು ಹೋದಿರಿ, ಯಾರನ್ನು ಬಿಟ್ಟಿರಿ ಎಂಬ ಮುನಿಸು. ಹೋಗುವಾಗ ಇಲ್ಲಿಯವರ ಪಾರ್ಸೆಲ್, ಬರುವಾಗ ಅಲ್ಲಿಯವರ ಪಾರ್ಸೆಲ್. ಇಪ್ಪತ್ತೆರಡು ವರ್ಷದಲ್ಲಿ ಗಂಡನ ಜೊತೆ ಒಂದು ಬೆಂಚಿನ ಮೇಲೆ ಅರ್ಧ ಗಂಟೆ ಕೂತ ನೆನಪು ತನಗಿಲ್ಲ ಎಂದಳು ಸಾಲಿಹಾ. ನಗುತ್ತಲೇ ಹೇಳಿದಳು, ಆದರೆ ಅಲಿಯಬ್ಬಾಕನ ಮುಖ ಸಣ್ಣದಾಯಿತು. ಮರುದಿನದಿಂದ ಅವರು ಹ್ಯಾಲಿಫ್ಯಾಕ್ಸ್ ಓದತೊಡಗಿದರು.

ಸಾವಿರಾರು ಜನರ ಪ್ರಯಾಣ ಕೂಡಿಸಿದ ಮನುಷ್ಯ ತನ್ನದಕ್ಕೆ ಬಂದಾಗ ಹುಡುಗನ ಹಾಗಾದರು. ನಾಲ್ಕು ದಿನದ ಪ್ರವಾಸಕ್ಕೆ ನಾಲ್ಕು ತಿಂಗಳ ತಯಾರಿ. ಅಕ್ಟೋಬರ್ ಒಂಬತ್ತಕ್ಕೆ ಹೊರಡುವುದು, ಮಾಂಟ್ರಿಯಲ್‌ನಲ್ಲಿ ವಿಮಾನ ಬದಲಿಸುವುದು. ಕೋಟೆಯಲ್ಲಿ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಫಿರಂಗಿ ಹೊಡೆಯುತ್ತಾರೆ, ಅದನ್ನು ಕೇಳುವುದು. ಬಂದರಿನ ಆಚೆ ದಡಕ್ಕೆ ಫೆರಿಯಲ್ಲಿ ಹೋಗಿ, ಇಳಿಯದೆ ಹಾಗೆಯೇ ವಾಪಸ್ ಬರುವುದು. ಇದು ಸಾಲಿಹಾಳ ಷರತ್ತು. ಇಳಿದರೆ ಯಾರಾದರೂ ಪರಿಚಯದವರು ಸಿಕ್ಕಿಬಿಟ್ಟರೆ ಎಂದು ಅವಳ ತಮಾಷೆ. ಅವಳ ಇನ್ನೊಂದು ಷರತ್ತು, ನಸುಕಿನ ಸುಬ್ಹಿ ನಮಾಝ್ ಮುಗಿಸಿ ಪುನಃ ಮಲಗುವುದು, ಎಂಟು ಗಂಟೆ ತನಕ ಯಾರೂ ಎಬ್ಬಿಸಬಾರದು. ಇಷ್ಟನ್ನೂ ಅಲಿಯಬ್ಬಾಕ ಗಿರಾಕಿಗೆ ಬರೆದುಕೊಡುವ ಹಾಗೆ ನೀಟಾಗಿ ಟೈಪ್ ಮಾಡಿ ಪ್ರಿಂಟ್ ತೆಗೆದಿದ್ದರು. "ಎರಡನೇ ದಿನ ಬೆಳಿಗ್ಗೆ ಎಂಟರ ತನಕ: ನಿದ್ದೆ" ಎಂದು ಅದರಲ್ಲಿ ಇತ್ತು. ನಾನು ನೋಡಿ ಬಿದ್ದು ಬಿದ್ದು ನಕ್ಕೆ.

ಯಾರಿಗೂ ಹೇಳಬಾರದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಹೇಳಿದರೆ ಯಾರದೋ ಭಾವನ ಅಳಿಯ ಹ್ಯಾಲಿಫ್ಯಾಕ್ಸ್‌ನಲ್ಲೇ ಹುಟ್ಟಿಕೊಳ್ಳುತ್ತಾನೆ, ಅವನಿಗೆ ಎರಡು ಕಿಲೋ ಹಲ್ವ ಒಯ್ಯಬೇಕಾಗುತ್ತದೆ. ಹಾಗಾಗಿ ಮಗಳಿಗೂ ಗೊತ್ತಿಲ್ಲ, ಊರಿನವರಿಗೂ ಗೊತ್ತಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ವೀಸಾ ಅರ್ಜಿ ತುಂಬಿಸಿದವಳೂ ನಾನೇ.

ಸಾಲಿಹಾಳ ವೀಸಾ ಬೇಗ ಆಯಿತು, ಪಾಸ್‌ಪೋರ್ಟಿಗೆ ಅಂಟಿಸಿಕೊಂಡೂ ಬಂತು. ಇವರದ್ದಕ್ಕೆ ಇನ್ನೂ ಏನೋ ಹಳೇ ದಾಖಲೆ ಕೇಳಿದರು, ಅದು ತಡವಾಯಿತು. ಅಷ್ಟರಲ್ಲಿ ಸೆಪ್ಟೆಂಬರಿನಲ್ಲಿ ಸಾಲಿಹಾಳ ತಮ್ಮ ಫವಾಝ್‌ನ ಮಗಳ ನಿಕಾಹ್. ಅವಳೊಬ್ಬಳೇ ಹೊರಟಳು. ಹೊರಡುವ ಮೊದಲು ಅಂಗಡಿಗೆ ಬಂದು ನನ್ನ ಹತ್ತಿರ, "ಬಾಯಮ್ಮ, ಇವರ ಪಾಸ್‌ಪೋರ್ಟ್ ಕೇಳಿದ ಕೂಡ್ಲೇ ಕಿತ್ಕೊಂಡು ಕಳಿಸಿಬಿಡಿ. ಇವರು ಕೊಡುವ ಜನ ಅಲ್ಲ," ಎಂದು ಹೇಳಿ ಹೋದಳು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಅವಳು ಹೋದ ವಾರಕ್ಕೆ ವೀಸಾ ಕಚೇರಿಯಿಂದ ಪಾಸ್‌ಪೋರ್ಟ್ ಕಳುಹಿಸಿ ಎಂದು ಮೇಲ್ ಬಂತು. ಅಲಿಯಬ್ಬಾಕ ಎರಡು ದಿನ ಡ್ರಾವರ್ ತೆಗೆದರು, ಮುಚ್ಚಿದರು.

"ಬೇರೆ ದೇಶದ ಆಫೀಸಿಗೆ ಹೋಗಿ ಬರ್ಬೇಕಂತೆ ಬಾಯಮ್ಮ. ಹತ್ತು ದಿನ ಹಿಡೀತದೆ."

"ಹತ್ತು ದಿನದಲ್ಲಿ ಏನು ಮುಳುಗಿ ಹೋಗ್ತದೆ? ಉಮ್ಮ ಇಲ್ಲ, ಬಾಪ ಇಲ್ಲ. ಇನ್ನು ಯಾರಿಗೋಸ್ಕರ ಇಟ್ಕೊಂಡು ಕೂತಿದ್ದೀರಿ?"

ಹೀಗೆ ಕೇಳಿದವಳು ನಾನು. ಈ ಬಾಯಿಯೇ. ಕೇಳಿದ್ದು ಮಾತ್ರವಲ್ಲ, ಮಂಗಳವಾರ ಬೆಳಿಗ್ಗೆ ಆ ನೀಲಿ ಕವರನ್ನು ಅವರ ಕೈಯಿಂದ ತೆಗೆದುಕೊಂಡು ಹೋಗಿ ವೀಸಾ ಕೇಂದ್ರದಲ್ಲಿ ಕೊಟ್ಟು ಬಂದೆ. ರಸೀದಿ ತಂದು ಅವರ ಮುಂದಿಟ್ಟಾಗ ಗೆದ್ದವಳ ಹಾಗೆ ಬೀಗಿದೆ.

ಶುಕ್ರವಾರ ಬೆಳಿಗ್ಗೆ ನಾನು ಪೂಜೆಗೆ ಹೊರಡಲು ಸೀರೆ ಉಡುತ್ತಿದ್ದೆ. ಇಲ್ಲಿ ರಜೆ ಶುಕ್ರವಾರ, ಹಾಗಾಗಿ ನಮ್ಮ ಇಗರ್ಜಿಯಲ್ಲಿ ಜನ ಸೇರುವುದೂ ಅಂದೇ. ಅಲಿಯಬ್ಬಾಕನ ಫೋನ್ ಬಂತು.

"ಬಾಯಮ್ಮ, ಸಾಲಿಹಾ ಹೋದಳು. ಊರಿನ ಏಳೂವರೆಗೆ. ಮೂಳೂರು ಮಸೀದಿ." ಮೂರನೆಯದನ್ನೂ ಅವರೇ ಹೇಳಿದರು. "ಪಾಸ್‌ಪೋರ್ಟ್ ಎಲ್ಲಿ ಉಂಟು ಅಂತ ನಿನಗೆ ಗೊತ್ತುಂಟಲ್ಲ."

ನನ್ನ ಗಂಡ ಎಡ್ವರ್ಡ್ ಕಾರು ತೆಗೆದ. ಅಲ್ ವುಕೈರ್‌ನ ಅವರ ಮನೆ ಮುಟ್ಟುವ ತನಕ ನಾನು ಸಿಕ್ಕ ಸಿಕ್ಕವರಿಗೆಲ್ಲ ಫೋನ್ ಮಾಡಿದೆ. ವೀಸಾ ಕೇಂದ್ರ ಭಾನುವಾರದ ತನಕ ಬಂದ್. ಪಾಸ್‌ಪೋರ್ಟ್ ಆಗಲೇ ದೇಶ ಬಿಟ್ಟಿತ್ತು. ಅದರ ಬದಲಿಗೆ ತುರ್ತು ಕಾಗದ ಮಾಡಿಸಿದರೂ ಬೇಗ ಅಂದರೆ ಭಾನುವಾರ ಸಂಜೆ. ಇದೆಲ್ಲ ಅಲಿಯಬ್ಬಾಕನಿಗೆ ನನಗಿಂತ ಚೆನ್ನಾಗಿ ಗೊತ್ತು. ಇಂಥದ್ದರಲ್ಲಿ ಬೇರೆಯವರಿಗೆ ದಾರಿ ಹುಡುಕಿಕೊಟ್ಟವರು ಅವರೇ. ಈಗ ಹುಡುಕಲು ದಾರಿಯೇ ಇರಲಿಲ್ಲ.

ನಾವು ಹೋದಾಗ ಅವರು ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದರು, ಕಿವಿಯಲ್ಲಿ ಫೋನ್. ಆ ಕಡೆ ಮಸ್ಕತ್‌ನಿಂದ ನಜ್ಮಾ. ಅವಳ ಅಳು ನನಗೂ ಕೇಳುತ್ತಿತ್ತು. "ಮಗಳೇ, ಆಮೇಲೆ ಅಳು. ಪಾಸ್‌ಪೋರ್ಟ್ ಎಲ್ಲಿ ಉಂಟು? ಕೈಯಲ್ಲಿ ಉಂಟಾ? ಹಿಡ್ಕೋ. ಅಲ್ಲಿಯ ಒಂಬತ್ತೂವರೆಗೆ ವಿಮಾನ ಉಂಟು, ಯಲ್ಲಾ, ಹೊರಡು." ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಕಾರು ಗೊತ್ತು ಮಾಡಿದರು, ಚಾಲಕನ ನಂಬರು ಕಳುಹಿಸಿದರು. ಎರಡೂಮುಕ್ಕಾಲು ಗಂಟೆ ಆಕಾಶದಲ್ಲಿ, ಮನೆ ಮುಟ್ಟುವಾಗ ಊರಿನ ಮೂರೂವರೆ, ಅಸರ್‌ಗೆ ಸರಿಯಾಗುತ್ತದೆ ಎಂದು ಲೆಕ್ಕ ಹಾಕಿದರು.  

ಆಮೇಲೆ ಫವಾಝ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಸ್ನಾನದ ಕೋಣೆಯಲ್ಲಿ ಬಿದ್ದದ್ದು, ಆಸ್ಪತ್ರೆ ಮುಟ್ಟುವ ಮೊದಲೇ ಹೋದದ್ದು, ಎಲ್ಲ ಹೇಳಿ ಅವನು ಕೇಳಿದ, "ಭಾವ, ನೀವು ಎಷ್ಟು ಗಂಟೆಗೆ ಮುಟ್ತೀರಿ?"

"ನನಗೆ ಬರ್ಲಿಕ್ಕೆ ಆಗುದಿಲ್ಲ ಫವಾಝ್. ಪಾಸ್‌ಪೋರ್ಟ್ ಕೈಯಲ್ಲಿಲ್ಲ."

"ನಿಮ್ಮ ಪಾಸ್‌ಪೋರ್ಟಾ? ಎಲ್ಲಿ ಹೋಯ್ತು?"

ಇಖಾಮ ರಿನೀವಲ್‌ಗೆ ಹೋಗಿದೆ ಅಂತ ಹೇಳಿ ಎಂದು ನಾನು ಕೈಸನ್ನೆ ಮಾಡಿದೆ. ವಾಸದ ಪರವಾನಗಿಗೆಂದರೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ. ಅವರು ಫೋನಿನ ಮೇಲೆ ಕೈ ಇಟ್ಟು ನನ್ನನ್ನು ನೋಡಿ, "ಅವಳನ್ನು ಮಲಗಿಸಿದ್ದಾರೆ ಅಲ್ಲಿ. ಈಗ ಸುಳ್ಳು ಹೇಳುದಾ ಬಾಯಮ್ಮ?" ಎಂದರು. ಕೈ ತೆಗೆದು ಹೇಳಿದರು, "ಕೆನಡಾಕ್ಕೆ ಟೂರ್ ಹೋಗ್ಲಿಕ್ಕೆ ವೀಸಾಕ್ಕೆ ಕೊಟ್ಟಿದ್ದೇನೆ. ನಾವಿಬ್ಬರೂ ಹೋಗುದು ಅಂತ ಇತ್ತು."

ಆ ಕಡೆ ಹೆಂಗಸರ ಅಳು ಮಾತ್ರ ಕೇಳಿತು. ಸಾವಿನ ಮನೆಯಲ್ಲಿ ಟೂರ್ ಎಂಬ ಶಬ್ದ ಹೇಗೆ ಕೇಳಿಸಿತೋ ದೇವರಿಗೇ ಗೊತ್ತು. ಆಮೇಲೆ ಜಮಾಅತಿನ ಅಧ್ಯಕ್ಷರು ಫೋನ್ ತೆಗೆದುಕೊಂಡರು. ವಯಸ್ಸಾದವರು. ಬೇರೆಯವರಿಗೋಸ್ಕರ ಅಲಿಯಬ್ಬಾಕ ಎಷ್ಟೋ ಸಲ ಗೋಗರೆದದ್ದು ಇವರನ್ನೇ.

"ಅಲಿಯಬ್ಬ, ನೀನು ಹೇಳಿದಾಗೆಲ್ಲ ನಾವು ಯಾರ್ಯಾರಿಗೋ ಕಾದಿದ್ದೇವೆ. ಇವತ್ತು ನಿನಗೋಸ್ಕರ ಕಾಯುದಿಲ್ವಾ? ಎಷ್ಟು ಹೊತ್ತು ಬೇಕು ಹೇಳು. ಮಗ್ರಿಬ್ ತನಕ? ರಾತ್ರಿ ಇಶಾ ತನಕ?"

 ಬೇರೆಯವರ ಪರವಾಗಿ ಆ ಪ್ರಶ್ನೆಗೆ ಜೀವಮಾನವೆಲ್ಲ ಉತ್ತರ ಹೇಳಿದ್ದ ಅಲಿಯಬ್ಬಾಕ ಲ್ಯಾಪ್‌ಟಾಪ್ ಮುಚ್ಚಿದರು. ಹೇಳಿದರು, "ನಜ್ಮಾ ಬಂದು ಮುಖ ನೋಡಿದ ಕೂಡ್ಲೇ ಹೊರಡಿಸಿ. ನನಗೆ ಕಾಯ್ಬೇಡಿ."

ಊರಿನಲ್ಲಿ ಅಸರ್ ನಮಾಝ್ ಮುಗಿಯುವಾಗ ಇಲ್ಲಿ ಮಧ್ಯಾಹ್ನ ಒಂದೂವರೆ. ಜುಮಾ ನಮಾಝ್ ಮುಗಿಸಿ ಬಂದು ಅವರು ಒಳಕೋಣೆಯಲ್ಲಿ ಚಾಪೆ ಹಾಸಿ ಒಬ್ಬರೇ ಕೂತರು. ನಾನು ಅಡಿಗೆಮನೆಯಲ್ಲಿ ನಿಂತು ಜಪಸರ ಹೇಳಿದೆ. ಎಷ್ಟು ಸಲ ಹೇಳಿದರೂ ಮಧ್ಯದಲ್ಲಿ ತಪ್ಪುತ್ತಿತ್ತು. ಒಲೆಯ ಪಕ್ಕದ ಗೋಡೆಗೆ ಸಾಲಿಹಾ ಆ ಪ್ರವಾಸದ ಪ್ರಿಂಟನ್ನು ಅಂಟಿಸಿದ್ದಳು. ನಿದ್ದೆ ಎಂಬಲ್ಲಿ ಪೆನ್ನಿನಿಂದ ಎರಡು ಗೆರೆ ಎಳೆದಿದ್ದಳು.

ಮುಂದಿನ ಗುರುವಾರ ಪಾಸ್‌ಪೋರ್ಟ್ ಬಂತು, ವೀಸಾ ಅಂಟಿಸಿಕೊಂಡು. ಅಂದೇ ಅವರು ಊರಿಗೆ ಹೋದರು. ಟೂರಿನ ಹುಚ್ಚಿಗೆ ಬಿದ್ದು ಹೆಂಡತಿಯ ಮಯ್ಯತ್ತಿಗೂ ಮಣ್ಣಿಗೂ ಸಿಗಲಿಲ್ಲ ಎಂದು ಆಡುವವರು ಆಗಲೇ ಶುರು ಮಾಡಿದ್ದರು. ಅವರು ಯಾರಿಗೂ ಉತ್ತರ ಕೊಡಲಿಲ್ಲ. ಪಾಸ್‌ಪೋರ್ಟ್ ಒಯ್ದ ಕೈ ನನ್ನದು ಎಂದೂ ಹೇಳಲಿಲ್ಲ. ಹೇಳಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಹತ್ತು ದಿನ ಕಳೆದು ವಾಪಸ್ ಬಂದರು. ಅಕ್ಟೋಬರ್ ಏಳರಂದು, ಹೊರಡಬೇಕಿದ್ದ ದಿನಕ್ಕೆ ಎರಡೇ ದಿನ ಇರುವಾಗ, ಬೆಳಿಗ್ಗೆ ನನ್ನ ಕಡೆ ತಿರುಗಿ, "ಬಾಯಮ್ಮ, ಹ್ಯಾಲಿಫ್ಯಾಕ್ಸ್‌ನದ್ದು ಕ್ಯಾನ್ಸಲ್ ಮಾಡು. ನನ್ನ ಕೈಯಿಂದ ಆಗುದಿಲ್ಲ," ಎಂದರು. ನಾನು ಬುಕಿಂಗ್ ತೆರೆದೆ. ಒಂದರ ಕೆಳಗೆ ಒಂದು ಇಬ್ಬರ ಹೆಸರು.

"ನನ್ನದು ಮಾತ್ರ," ಎಂದರು.

"ಸಾಲಿಹಾಳದ್ದು?"

"ಅದು ಇರ್ಲಿ. ಅವಳ ಕಾಗದ ಎಲ್ಲ ಸರಿ ಉಂಟಲ್ಲ. ತೊಂದರೆ ಇದ್ದದ್ದು ನನ್ನದರಲ್ಲಿ."

ಇಬ್ಬರ ಬುಕಿಂಗಿನಲ್ಲಿ ಒಬ್ಬರನ್ನು ತೆಗೆಯಬೇಕಾದರೆ ಮೊದಲು ಅದನ್ನು ಎರಡಾಗಿ ಬೇರ್ಪಡಿಸಬೇಕು. ಹತ್ತೊಂಬತ್ತು ವರ್ಷ ಹಿಂದೆ ಅದನ್ನು ನನಗೆ ಕಲಿಸಿದ್ದು ಅವರೇ. ನಾನು ಬೇರ್ಪಡಿಸಿದೆ, ಅವರದ್ದನ್ನು ಅಳಿಸಿದೆ. ಸರಿಯಾಯಿತಾ ಎಂದು ಅವರು ಬಗ್ಗಿ ನೋಡಿದರು. ಪರದೆಯ ಮೇಲೆ ಸಾಲಿಹಾಳ ಹೆಸರು ಉಳಿದಿತ್ತು, ಅದರ ಮುಂದೆ ಕನ್ಫರ್ಮ್ ಎಂದಿತ್ತು, ಕಿಟಕಿ ಪಕ್ಕದ ಸೀಟು.