ಅಜ್ಜ ಗುಡಿಸಿದ ವಿಮಾನದ ಬಯಲು

ಇವತ್ತು ಬೆಳಿಗ್ಗೆ ಮಗಳು ಕಾರವಾರದ ಕೆಲಸಕ್ಕೆಂದು ಬಾಳೆಗುಳಿಯಲ್ಲಿ ಬಸ್ಸು ಹತ್ತಲು ಹೊರಟಳು. ಅಂಗಳ ಗುಡಿಸೋಣವೆಂದು ಕಸಬರಿಗೆ ಹಿಡಿದೆ. ತಲೆಯ ಮೇಲೊಂದು ವಿಮಾನ ಹಾದುಹೋಯಿತು. ಕೈ ತಾನಾಗಿ ನಿಂತಿತು; ಕಸಬರಿಗೆ ಗೋಡೆಗೆ ಒರಗಿಸಿದೆ.

ಬೆಳಂಬಾರದ ನಮ್ಮ ಅಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಕೂಲಿಗೆಂದು ದೂರದ ಪೂರ್ವದ ಸೀಮೆಗೆ ಹೋಗಿದ್ದವನು. ಅಲ್ಲಿ ಬಿಳಿಯರ ಬಾಂಬ್ ಹಾಕುವ ವಿಮಾನಗಳ ಪಡೆಯೊಂದಿತ್ತು. ಅವು ಓಡುವ ದಾರಿಯಲ್ಲಿ ಹರಳುಕಲ್ಲು ಬಿದ್ದಿದ್ದರೆ ಟೈರು ಒಡೆಯುತ್ತದೆಂದು, ವಿಮಾನ ಏರಿದ ಕೂಡಲೇ ಗುಡಿಸುವುದು ಅಜ್ಜನ ಕೆಲಸ. ನಮ್ಮಲ್ಲಾದರೋ ಯಾರಾದರೂ ಮನೆಯಿಂದ ಹೊರಟ ಬೆನ್ನಿಗೆ ಕಸ ಗುಡಿಸುವಂತಿಲ್ಲ. ಹೋದವರು ತಿರುಗಿ ಬರುವುದಿಲ್ಲ ಎನ್ನುತ್ತಾರೆ. ಒಂದು ದಿನ ಆರು ವಿಮಾನ ಹೋದವು, ಐದು ಬಂದವು. ಬಾರದೆ ಉಳಿದದ್ದರಲ್ಲಿ, ದಿನಾ ಅಜ್ಜನ ಬೀಡಿಗೆ ಕಡ್ಡಿ ಗೀರಿ ಕೊಡುತ್ತಿದ್ದ ಕೆಂಚು ಕೂದಲಿನ ಸೋಲ್ಜರ್ ಇದ್ದ.

ಊರಿಗೆ ಮರಳಿ ಎಷ್ಟೋ ವರ್ಷವಾದರೂ, ಮೇಲೆ ವಿಮಾನ ಹಾರಿದರೆ ಅಜ್ಜ ಓಡಿಬಂದು ಅಜ್ಜಿಯ ಕೈಯಿಂದ ಕಸಬರಿಗೆ ಕಸಿದುಕೊಳ್ಳುತ್ತಿದ್ದ.

“ತಡಿಯೇ, ಈಗಷ್ಟೇ ಹೋಯ್ತು ಅದು.”

“ಅದೇನು ನಮ್ಮನೆಲಿ ಉಂಡ್ಕಂಡು ಹೋದದ್ದಾ? ಬಾಂಬ್ ಹಾಕೂಕೆ ಹೋದೋರು ಸತ್ರೆ ನಿಮ್ಮ ಕಸಬರಿಗೆ ಎಂತ ಮಾಡ್ತದೆ?” ಎಂದು ಅಜ್ಜಿ ನಗುತ್ತಿದ್ದಳು.

“ಗುಡ್ಸಿದ್ದು ನಾನಲ್ವೇನೇ,” ಎಂದು ಅಜ್ಜ ಕಸಬರಿಗೆ ಹಿಡಿದುಕೊಂಡೇ ಜಗುಲಿಯಲ್ಲಿ ಕೂರುತ್ತಿದ್ದ. ಹಲಸಿನ ಎಲೆ ಬಿದ್ದ ಅಂಗಳದಲ್ಲೇ ನಮ್ಮ ಆಟ.

ಇವತ್ತು ಎರಡು ತಾಸು ಕಳೆದ ಮೇಲೆ ಮಗಳ ಫೋನು ಬಂತು. “ಕಾರವಾರ ಮುಟ್ಟಿದೆ ಅಪ್ಪಾ.”

ಆರನೆಯ ವಿಮಾನ ಎಲ್ಲಾದರೂ ಮುಟ್ಟಿತೆಂದು ಅಜ್ಜನಿಗೆ ಹೇಳುವವರು ಕೊನೆಯವರೆಗೂ ಸಿಗಲಿಲ್ಲ. ನಾನು ಕಸಬರಿಗೆ ಎತ್ತಿಕೊಂಡೆ.