ಒಂದು ಕೋಣೆ, ಎರಡು ಒಲೆ

ಬೆತ್ತದ ಕುರ್ಚಿ ಹೆಣೆಯುವ ಆ ಮುದುಕಿಗೆ ಬೀದಿಯವರು ಚುನಾವಣೆಯ ಖರ್ಚಿಲ್ಲದೆ ‘ಮಂತ್ರಿ’ ಪದವಿ ಕೊಟ್ಟಿದ್ದರು. ಬಡ ಕುಟುಂಬಗಳಿಗೆ ಸರ್ಕಾರ ಕೊಡುವ ಭತ್ಯೆಗಳೆಂದರೆ ಅವಳಿಗೆ ಅಂಗೈ ಗೆರೆ. ವಿಧವೆಗೆ ಏನು ಸಿಗುತ್ತದೆ, ಬಾಡಿಗೆಯ ನೆರವು ಯಾರಿಗೆ ತಪ್ಪುತ್ತದೆ, ಯಾವ ಗುಮಾಸ್ತ ಊಟಕ್ಕೆ ಮುಂಚೆ ಸಿಡುಕುತ್ತಾನೆ, ಯಾವನು ಉಂಡ ಮೇಲೆ ತೂಕಡಿಸುತ್ತಾನೆ, ಎಲ್ಲವೂ ನಾಲಿಗೆಯ ತುದಿಯಲ್ಲಿ. ಗಿರಾಕಿಗಳ ಸೀಟು ಹರಿದ ಕುರ್ಚಿಗಳ ನಡುವೆ ಕೂತು ದರ್ಬಾರು ನಡೆಸುವಳು.

ಮಂತ್ರಿಮಂಡಲದಲ್ಲಿ ಇನ್ನೊಬ್ಬಳಿದ್ದಳು, ಸೊಸೆ. ಅತ್ತೆ ಮೇಲಿನಿಂದ ಬೆತ್ತದ ಎಳೆ ತೂರಿಸಿದರೆ, ಅವಳು ಕೆಳಗಿನಿಂದ ಅದನ್ನು ಬಿಗಿದು ಪಕ್ಕದ ತೂತಿನಲ್ಲಿ ಮೇಲಕ್ಕೆ ಕೊಡಬೇಕು. ಮಗ ಜ್ವರದಲ್ಲಿ ತೀರಿಕೊಂಡ ಮೇಲೂ ಸೊಸೆ ತವರಿಗೆ ಹೋಗಿರಲಿಲ್ಲ. ಇರುವುದೊಂದು ಕೋಣೆ, ಒಂದೇ ಒಲೆಯ ಮುಂದೆ ಇಬ್ಬರೂ ಉಂಡು, ಒಂದೇ ಕಂಬಳಿಯಲ್ಲಿ ಮಲಗುವರು.

ಆ ಒಲೆಯೇ ಕಂಟಕವಾಯಿತು. ಸರ್ಕಾರಕ್ಕೆ ಒಂದು ಒಲೆಯೆಂದರೆ ಒಂದು ಕುಟುಂಬ. ಅದರಲ್ಲಿ ಉಣ್ಣುವವರ ಸಂಪಾದನೆ ಕೂಡಿಸಿದಾಗ ಮಿತಿಯೊಳಗಿದ್ದರೆ ಮಾತ್ರ ಭತ್ಯೆ. ಇಬ್ಬರದೂ ಸೇರಿದರೆ ಕೂದಲೆಳೆಯಷ್ಟು ದಾಟುತ್ತಿತ್ತು. ಬೇರೆ ಬೇರೆ ಹಿಡಿದರೆ ಇಬ್ಬರೂ ಅಪ್ಪಟ ಬಡವರು. ಮಾಲೀಕ ಬೇರೆ ಬಾಡಿಗೆ ಏರಿಸಿದ್ದ. ಭತ್ಯೆ ಬರದಿದ್ದರೆ ಬೀದಿಯೇ ಗತಿ.

“ಬೇರೆ ಆಗ್ಬಿಡೋಣ ಕಣೇ,” ಎಂದಳು ಮಂತ್ರಿ.

“ನಾನೆಲ್ಲಿಗೆ ಹೋಗ್ಲಿ ಅತ್ತೆ?”

“ಎಲ್ಲಿಗೂ ಬೇಡ. ಪರದೆ ಆಚೆಗೆ.”

ಹಳೆಯ ಬೆಡ್‌ಶೀಟು ಕೋಣೆಯನ್ನು ಎರಡು ರಾಜ್ಯಗಳಾಗಿ ಒಡೆಯಿತು. ಗುಜರಿಯಿಂದ ಎರಡನೆಯ ಸೀಮೆಎಣ್ಣೆ ಸ್ಟವ್ ಬಂತು. ತನಿಖೆಗೆ ಬರುವ ಸಾಹೇಬ ಬರೀ ಸ್ಟವ್ ನೋಡಿ ನಂಬುವ ಪೈಕಿಯಲ್ಲವೆಂದು ಜಗಳದ ತಾಲೀಮೂ ನಡೆಯಿತು. “ನನ್ನ ಉಪ್ಪು ಕದ್ದವಳೇ!” ಎಂದು ಅತ್ತೆ ಗುಡುಗಿದರೆ, ಸೊಸೆ ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಳು. “ಅತ್ತೆ, ನೀವು ಬೈದ್ರೆ ಲಾಲಿ ಹಾಡಿದ ಹಾಗಿರತ್ತೆ!”

ಸಾಹೇಬ ಬಂದ. ಎರಡೂ ಸ್ಟವ್ ಮುಟ್ಟಿ ನೋಡಿ, “ಇಷ್ಟು ಜಾಗದಲ್ಲಿ ಎರಡು ಸಂಸಾರಾನಾ? ನಂಗೇ ಕಥೆ ಹೇಳ್ತೀರಾ?” ಎಂದ.

ರಣಕಹಳೆ ಮೊಳಗಿತು. ಉಪ್ಪು, ಪೊರಕೆ, ಕಂಬಳಿ, ಒಂದೊಂದೇ ಅಸ್ತ್ರ ಹಾರಿದವು. ಆದರೆ ಕಂಬಳಿಯ ಹೊತ್ತಿಗೆ ಸೊಸೆಯ ತುಟಿ ಅರಳಿಬಿಟ್ಟಿತು. ಸಾಹೇಬ ಅದನ್ನು ಕಂಡು ಪೆನ್ನಿಗೆ ಮುಚ್ಚಳ ಹಾಕತೊಡಗಿದ. ಮಂತ್ರಿ ಸೊಸೆಯತ್ತ ತಿರುಗಿದಳು.

“ನಗ್ತೀಯೇನೇ? ನಾಳೆ ಆಸ್ಪತ್ರೆಗೆ ಹೋದ್ರಾಯ್ತು, ನಾಳೆ ಹೋದ್ರಾಯ್ತು ಅಂತ ನನ್ನ ಮಗನ್ನ ಸಾಯಿಸಿದೋಳು ನೀನು. ನಗ್ತೀಯಾ?”

ಇದು ತಾಲೀಮಿನಲ್ಲಿ ಇರಲಿಲ್ಲ. ಸೊಸೆ ಪರದೆಯಾಚೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಸಾಹೇಬ ಮುಚ್ಚಳ ತೆಗೆದು, ತಲೆ ತಗ್ಗಿಸಿ ಬರೆದುಕೊಂಡ. ಅವನಿಗೆ ಪೂರ್ತಿ ನಂಬಿಕೆ ಬಂದಿತ್ತು.

ಅವನು ಬೀದಿ ದಾಟುತ್ತಲೇ ಅತ್ತೆ ಪರದೆ ಸರಿಸಿದಳು. “ನಾಟಕ ಕಣೇ ಹುಚ್ಚಿ! ಏನೋ ಬಾಯಿಗೆ ಬಂತು.”

“ಎಲ್ಲಿಂದ ಬಂತು ಅತ್ತೆ?”

ಸಮಸ್ತ ಪ್ರಶ್ನೆಗಳಿಗೂ ಉತ್ತರವಿದ್ದ ಮಂತ್ರಿ ನೆಲದ ಮೇಲಿನ ಬೆತ್ತದ ಚೂರುಗಳನ್ನು ಆರಿಸತೊಡಗಿದಳು.

ಇಬ್ಬರಿಗೂ ಭತ್ಯೆ ಮಂಜೂರಾಯಿತು. ಜೊತೆಯಲ್ಲಿ ಕುರ್ಚಿ ಹೆಣೆಯುವುದೇನೋ ನಡೆದಿತ್ತು; ಊಟದ ಹೊತ್ತಾಗುತ್ತಲೇ ಸೊಸೆ ತನ್ನ ರಾಜ್ಯಕ್ಕೆ ಹೋಗಿ ತನ್ನೊಬ್ಬಳಿಗೆ ಬೇಯಿಸಿಕೊಳ್ಳುವಳು. ತಡೆಯಲಾರದೆ ಮುದುಕಿ ಒಂದು ದಿನ ಕಚೇರಿಗೆ ಹೋಗಿ, “ನಾವು ಒಂದಾಗಿದೀವಿ, ನಮ್ಮ ಭತ್ಯೆ ನಿಲ್ಸಿಬಿಡಿ ಸ್ವಾಮಿ,” ಎಂದಳು.

“ಒಂದಾಗಿದ್ರೆ ನಿಮ್ಮ ಸೊಸೇನೂ ಬಂದು ಹೇಳ್ಲಿ,” ಎಂದ ಗುಮಾಸ್ತ.

ಮನೆಗೆ ಬಂದವಳು ಪರದೆಯ ಈಚೆ ನಿಂತೇ ಕೇಳಿದಳು. “ನಾಳೆ ಬರ್ತೀಯೇನೇ, ಆಫೀಸಿಗೆ?”

“ಎರಡೂ ಒಲೆ ಇರ್ಲಿ ಅತ್ತೆ. ಬಾಡಿಗೆ ಕಟ್ಬೇಕಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಮಂತ್ರಿ ಏನಾದರೊಂದು ಉಪಾಯ ಹೂಡುತ್ತಿದ್ದಳು.